ಕಣ್ಣವ್ವ ಕೊಟ್ಟ ಸೊನ್ನೆ

ಎದೆಯ ಗಂಟು ಕೈಗೆ ಹತ್ತುವ ಎರಡು ವರ್ಷ ಮೊದಲೇ ಅದನ್ನು ಕಾಣುವ ಕಣ್ಣೊಂದಿದ್ದರೆ ಎಷ್ಟು ಹೆಂಗಸರು ಉಳಿದಾರು! ಹಾಗೆ ಯೋಚಿಸಿದವರು ಯಾರೋ ಪುಣ್ಯಾತ್ಮರು ಅಂಥ ಯಂತ್ರವನ್ನು ಮಾಡಿಯೂ ಮಾಡಿದರು. ಅಕ್ಷರ, ಅಂಕಿ ಬೆರೆಸಿ ನಾಲಿಗೆ ಹೊರಳದ ಹೆಸರೊಂದನ್ನು ಅದಕ್ಕಿಟ್ಟು, ಬಿಳಿ ವ್ಯಾನಿನಲ್ಲಿ ಕೂರಿಸಿ ಗದಗಿಗೆ ಕಳಿಸಿದರು. ಆ ಹೆಸರು ಊರೊಳಗೆ ಒಂದು ವಾರವೂ ಬಾಳಲಿಲ್ಲ. ಹಳೇ ಗಿರಣಿ ಓಣಿಯ ಹೆಂಗಸರು ಅದನ್ನು ಕಣ್ಣವ್ವ ಎಂದರು. ವ್ಯಾನಿನ ಡ್ರೈವರನೂ ಕಣ್ಣವ್ವ ಎಂದ. ಕೊನೆಗೆ ಕಂಪನಿಯ ಇಂಜಿನಿಯರ್ ಫಿರ್ದೋಸ್ ಮುಲ್ಲಾ ಹೆಡ್ ಆಫೀಸಿನವರ ಜೊತೆ ಮಾತಾಡುವಾಗಲೂ ಬಾಯಿತಪ್ಪಿ ಕಣ್ಣವ್ವ ಅಂದು ಬೈಸಿಕೊಂಡಳು.

ಕಣ್ಣವ್ವನ ವಿದ್ಯೆ ದೊಡ್ಡದು, ಆದರೆ ತಿಳಿಯಲಾರದಷ್ಟು ದೊಡ್ಡದೇನಲ್ಲ. ಲಕ್ಷಗಟ್ಟಲೆ ಹೆಂಗಸರ ಎದೆಯ ಎಕ್ಸ್‌ರೇಗಳನ್ನು ಅದಕ್ಕೆ ತೋರಿಸಿದ್ದರು. ಈಕೆಗೆ ಮುಂದೆ ಕಾಯಿಲೆ ಬಂತು, ಈಕೆಗೆ ಬರಲಿಲ್ಲ ಎಂದಷ್ಟೇ ಹೇಳಿದ್ದರು. ಎಲ್ಲಿ ನೋಡಬೇಕು, ಏನು ನೋಡಬೇಕು ಎಂದು ಒಬ್ಬರೂ ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ಅದೇ ಕಲಿತಿತ್ತು. ಎಲ್ಲೋ ಒಂದು ನಾಲ್ಕು ಬಿಳಿ ಚುಕ್ಕೆ, ಎಳೆಯೊಂದರ ಸಣ್ಣ ತಿರುವು, ಮನುಷ್ಯರು ನೋಡಿಯೂ ನೋಡದೆ ದಾಟಿಹೋಗುವಂಥದ್ದು, ಅದರ ಕಣ್ಣಿಗೆ ಬೀಳುತ್ತಿತ್ತು. ಪ್ರತಿಯೊಬ್ಬರಿಗೂ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಕೊಡುತ್ತಿತ್ತು. ಮೂವತ್ತು ದಾಟಿದರೆ ಆ ಚಿತ್ರ ನೇರವಾಗಿ ಡಾಕ್ಟರ್ ಗೌರಾಂಬಿಕಾ ಹೊಂಬಳ ಅವರ ಮುಂದೆ ಬರುತ್ತಿತ್ತು.

ಗೌರಾ ಎಕ್ಸ್‌ರೇ ಓದುವ ಡಾಕ್ಟರು. ಸ್ಟೇಷನ್ ರಸ್ತೆಯ ಸ್ಕ್ಯಾನ್ ಕೇಂದ್ರದಲ್ಲಿ, ಕಿಟಕಿಗೆ ಕರಿಪರದೆ ಬಿಟ್ಟ ಕೋಣೆಯಲ್ಲಿ ಕೂತು ಇಪ್ಪತ್ತು ವರ್ಷ ಚಿತ್ರ ನೋಡಿದವಳು. ಕಣ್ಣವ್ವ ಬಂದಾಗ ಆಕೆಗೆ ಹೊಟ್ಟೆಕಿಚ್ಚಾಗಲಿಲ್ಲ. ಸಂತೋಷವೇ ಆಯಿತು, ಬೇಕಾದರೆ ಸ್ವಾರ್ಥ ಅನ್ನಿ. ಮನೆಯಲ್ಲಿ ಅತ್ತೆ ಬಸಲಿಂಗವ್ವ ಇದ್ದಳಲ್ಲ! ಅತ್ತೆಗೆ ಎಪ್ಪತ್ತು; ಆಕೆಯ ತಾಯಿ ಎದೆಗಂಟಿನಿಂದ ಹೋಗಿದ್ದಳು, ಅಕ್ಕನೂ ಅದರಿಂದಲೇ ಹೋಗಿದ್ದಳು. ಅತ್ತೆಯನ್ನು ಒಮ್ಮೆ ಯಂತ್ರದ ಮುಂದೆ ನಿಲ್ಲಿಸಬೇಕೆಂದು ಗೌರಾ ಮದುವೆಯಾದಂದಿನಿಂದ ಗಂಟುಬಿದ್ದಿದ್ದಳು. ಅತ್ತೆ ಜಗ್ಗಿರಲಿಲ್ಲ.

"ನನಗೇನಾಗೈತಿ ಧಾಡಿ?" ಎನ್ನುತ್ತಿದ್ದಳು ಬಸಲಿಂಗವ್ವ, ಬದನೆಕಾಯಿ ಬಜಿಯನ್ನು ಕಟಂ ಎಂದು ಕಡಿಯುತ್ತ. "ಕಲ್ಲು ತಿಂದು ಅರಗಿಸ್ಕೊಳ್ಳೂ ಜೀವ ಇದು. ನಿನ್ನ ಮಷೀನ ನಿಮ್ಮ ಡಾಕ್ಟರಗೋಳಿಗೆ ತೋರಿಸವಾ."

ಜಗಳವೇನಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಜೀವಕ್ಕಿಂತ ಹೆಚ್ಚು ಹಚ್ಚಿಕೊಂಡಿದ್ದರು. ದಿನಾ ಬೆಳಿಗ್ಗೆ ಜಳಕವಾಗಿ, ಎಡಗೈ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮುಗಿಸಿದ ಮೇಲೆ ಅತ್ತೆ ಈಬತ್ತಿ, ಎಂದರೆ ವಿಭೂತಿ, ಅದರ ಗಟ್ಟಿಯನ್ನು ತೇಯ್ದು ತನ್ನ ಹಣೆಗೆ, ಕೊರಳಿಗೆ, ತೋಳಿಗೆ, ಎದೆಗೆ ಹಚ್ಚಿಕೊಂಡು, ಡ್ಯೂಟಿಗೆ ಹೊರಟ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿ ಆಕೆಯ ಹಣೆಗೂ ಕೊರಳ ಕುಳಿಗೂ ಮೂರು ಬೆರಳು ಎಳೆಯುತ್ತಿದ್ದಳು. ಅದನ್ನು ಅಳಿಸುವ ಹಾಗಿಲ್ಲ. ಒಮ್ಮೆ ಸೆಖೆಗೆ ಕರ್ಚೀಫಿನಿಂದ ಹಣೆ ಒರಸಿಕೊಂಡಿದ್ದಕ್ಕೆ ಅತ್ತೆ ಎರಡು ದಿನ ಗೌರಾಳ ಜೊತೆ ಮಾತು ಬಿಟ್ಟಿದ್ದಳು.

ಶ್ರಾವಣ ಸೋಮವಾರ ವ್ಯಾನು ಗೌರಾಳ ಮನೆಯಿದ್ದ ಹಳೇ ಗಿರಣಿ ಓಣಿಗೆ ಬಂತು. ಹಬ್ಬದ ದಿನ, ಹೆಂಗಸರೆಲ್ಲ ಮನೆಯಲ್ಲೇ ಇರುತ್ತಾರೆಂದು ಗೌರಾಳೇ ಆರಿಸಿದ ದಿನ. ಮಧ್ಯಾಹ್ನದ ಹೊತ್ತಿಗೆ ಕರಿಪರದೆಯ ಕೋಣೆಯಲ್ಲಿ ಕೂತಿದ್ದ ಆಕೆ ಕುರ್ಚಿ ಬಿಟ್ಟು ಎದ್ದಳು. ಕಣ್ಣವ್ವ ಆ ಓಣಿಯ ಮುಕ್ಕಾಲು ಹೆಂಗಸರಿಗೆ ಎಂಬತ್ತು, ತೊಂಬತ್ತು ಕೊಟ್ಟು ಕಳಿಸಿತ್ತು. ಒಬ್ಬೊಬ್ಬರ ಎದೆಯಲ್ಲೂ ನುಣ್ಣನೆಯ ಬಿಳಿ ಚುಕ್ಕೆಗಳು ಚೆಲ್ಲಿದ್ದವು.

"ಒಂದು ಓಣಿಗೆ ಓಣಿನs ಹಿಂಗಾಗಾಕ ಸಾಧ್ಯ ಐತೇನ್ರೀ ಮೇಡಂ?" ಫಿರ್ದೋಸಳ ಮುಖ ಬಿಳಿಚಿಕೊಂಡಿತ್ತು. ವಿಜಯಪುರದ ಹುಡುಗಿ, ಯಂತ್ರವನ್ನು ಮಗುವಿನಂತೆ ನೋಡಿಕೊಳ್ಳುವವಳು. "ನೀರಿನಾಗ ಏನರ ಐತೋ ಏನೋ?"

ಗೌರಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಚುಕ್ಕೆಗಳು ಮೂರು ಮೂರು ಸಾಲಾಗಿ ಬಿದ್ದಿದ್ದವು. ಹತ್ತು ನಿಮಿಷ ನೋಡಿದವಳು ಒಮ್ಮೆಲೇ ಹಣೆ ಚಚ್ಚಿಕೊಂಡು ನಗತೊಡಗಿದಳು.

"ಏನೂ ಆಗಿಲ್ಲ ನಮ್ಮವ್ವಾ, ಏನೂ ಆಗಿಲ್ಲ. ಅದು ಈಬತ್ತಿ! ಬೂದಿಯೊಳಗ ಸುಣ್ಣದಂಶ ಇರ್ತೈತಿ, ಎಕ್ಸ್‌ರೇಯೊಳಗ ಅದು ಬೆಳ್ಳಗ ಕಾಣ್ತೈತಿ. ರೋಗದ ಚುಕ್ಕಿನೂ ಸುಣ್ಣದ್ದs. ನಿನ್ನ ಕಣ್ಣವ್ವಗ ಎರಡೂ ಒಂದs."

ಆಗಿದ್ದಾದರೂ ಇಷ್ಟೇ. ಕಣ್ಣವ್ವ ಕಲಿತು ಬಂದ ದೇಶದಲ್ಲಿ ಯಾರೂ ಎದೆಗೆ ಬೂದಿ ಹಚ್ಚಿಕೊಳ್ಳುವವರಿರಲಿಲ್ಲ. ನರ್ಸುಗಳು ಹೆಂಗಸರನ್ನು ಕೇಂದ್ರಕ್ಕೆ ಕರೆಸಿ, ಒದ್ದೆ ಹತ್ತಿಯಿಂದ ಈಬತ್ತಿ ಒರಸಿ ಮತ್ತೆ ಚಿತ್ರ ತೆಗೆದರು. ಬಂದಷ್ಟು ಮಂದಿ ಚೆನ್ನಾಗಿದ್ದರು. ಆದರೆ ಓಣಿ ಸಿಟ್ಟಿಗೆದ್ದಿತು, ಸಿಟ್ಟಿನ ಮುಂಚೂಣಿಯಲ್ಲಿ ಬೇರಾರೂ ಅಲ್ಲ, ಬಸಲಿಂಗವ್ವ. ಸೊಸೆಯ ಮಾತಿಗೆ ಕಟ್ಟುಬಿದ್ದು ಅಂತೂ ಕೇಂದ್ರದ ಬಾಗಿಲವರೆಗೆ ಬಂದಿದ್ದವಳು ಒದ್ದೆ ಹತ್ತಿ ಕಂಡದ್ದೇ ತಡ, ಸೆರಗು ಸರಿಮಾಡಿಕೊಂಡು ತಿರುಗಿ ನಡೆದಳು.

"ಹಚ್ಚಿದ ಈಬತ್ತಿ ಒರಸೂದಂದ್ರೇನು? ಇವತ್ತು ಈಬತ್ತಿ ಒರಸ್ತಾರ, ನಾಳೆ ಲಿಂಗಾ ತಗೀರಿ ಅಂತಾರ! ಯಾರೂ ಹೋಗಬ್ಯಾಡ್ರಿ."

ಯಾರೂ ಹೋಗಲಿಲ್ಲ. ವ್ಯಾನು ಓಣಿಯ ಬಾಯಲ್ಲಿ ಬಂದು ನಿಂತು ಬರಿದೇ ಹಿಂದಿರುಗುತ್ತಿತ್ತು. ಹೆಂಗಸರು ಬದಲಾಗುವುದು ಬೇಡ, ಯಂತ್ರವೇ ಬದಲಾಗಲಿ ಎಂದಳು ಗೌರಾ ಫಿರ್ದೋಸಳಿಗೆ. ತಪ್ಪೇನಿತ್ತು ಹೇಳಿ ಆ ಮಾತಿನಲ್ಲಿ? ಬೂದಿಯಿದ್ದ ಚಿತ್ರಗಳನ್ನೆಲ್ಲ ಒಟ್ಟುಮಾಡಿ, ಇವರೆಲ್ಲ ಆರೋಗ್ಯವಂತರು, ಇದು ರೋಗವಲ್ಲ ಎಂದು ಕಣ್ಣವ್ವನಿಗೆ ಮತ್ತೆ ಮತ್ತೆ ತೋರಿಸಿದರು. ಸುತ್ತಲಿನ ಹಳ್ಳಿಗಳಿಂದಲೂ ಅಂಥ ಚಿತ್ರ ತಂದು ತೋರಿಸಿದರು. ದೀಪಾವಳಿ ಹೊತ್ತಿಗೆ ಕಣ್ಣವ್ವ ಪಾಠ ಕಲಿತಿತ್ತು. ಈಬತ್ತಿಯ ಹೆಂಗಸರಿಗೆ ಇನ್ನು ತೊಂಬತ್ತು ಬರುತ್ತಿರಲಿಲ್ಲ, ಒದ್ದೆ ಹತ್ತಿಯೂ ಬೇಕಿರಲಿಲ್ಲ.

"ಈಗರ ಬರ್ರಿ ಅತ್ತಿ," ಎಂದಳು ಗೌರಾ. "ಯಾರೂ ಏನೂ ಒರಸೂದಿಲ್ಲ."

ಬಸಲಿಂಗವ್ವ ಬಿಗುಮಾನ ಬಿಟ್ಟು ಬಂದಳು. ಕೊರಳಿನ ಬೆಳ್ಳಿಯ ಕರಡಿಗೆಯನ್ನು ಲಿಂಗದ ಸಮೇತ ತೋಳಿಗೆ ಕಟ್ಟಿಕೊಂಡು, ಮೈತುಂಬ ಈಬತ್ತಿಯೊಂದಿಗೆ ವ್ಯಾನಿನೊಳಗೆ ನಿಂತಳು. ಯಂತ್ರದ ತಟ್ಟೆ ಒತ್ತಿದಾಗ "ಅಯ್ಯಯ್ಯೋ ನನ್ನ ಶಿವನs, ರೊಟ್ಟಿ ತಟ್ಟಿದಂಗ ತಟ್ಟಾಕತ್ತೈತಲ್ಲೋ" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದಳು. ಪರದೆಯ ಮೇಲೆ ಅಂಕಿ ಮೂಡಿತು. ಸೊನ್ನೆ.

ಆಮೇಲೆ ನೋಡಬೇಕಿತ್ತು ಆಕೆಯ ಮೆರವಣಿಗೆ! ಸಾಲಿಯಲ್ಲಿ ಸೊನ್ನೆ ತಗೊಂಡು ಅಪ್ಪನಿಂದ ಏಟು ತಿಂದವಳು ಈಗ ಅದೇ ಸೊನ್ನೆಯನ್ನು ಮನೆಮನೆಗೆ ಹಂಚಿಬಂದಳು. ಕಾಲೇಜಿನಲ್ಲಿ ಗಣಿತ ಹೇಳುವ ಮಗ ರುದ್ರಪ್ಪನಿಗೆ "ಏನಪಾ ಮಾಸ್ತರ, ಸೊನ್ನಿ ಬೆಲೆ ಈಗ ಗೊತ್ತಾತಿಲ್ಲೋ?" ಎಂದಳು. ಸಂಜೆಗೆ ಗಿರಮಿಟ್ಟು, ಮಿರ್ಚಿ ಬಜಿ, ಎಲ್ಲ ಆಕೆಯ ಖರ್ಚಿನಲ್ಲಿ. ಗೌರಾಳೂ ನಕ್ಕು ನಕ್ಕು ತಿಂದಳು. ಎದೆಯ ಮೇಲಿನ ಭಾರವೊಂದು ಇಳಿದು, ಅಂದು ಹಾಯಾಗಿ ನಿದ್ದೆ ಮಾಡಿದಳು.

ಮರುದಿನ ಬೆಳಿಗ್ಗೆ ಚಹಾ ಬಾಯಿಗಿಟ್ಟವಳಿಗೆ ಏನೋ ಚುಚ್ಚಿದಂತಾಯಿತು. ಸೊನ್ನೆ? ಗೌರಾಳಿಗೆ ನಲವತ್ತೇಳು, ಗಟ್ಟಿಮುಟ್ಟು, ಮನೆತನದಲ್ಲಿ ಯಾರಿಗೂ ಕಾಯಿಲೆಯಿಲ್ಲ. ಆದರೂ ಕಣ್ಣವ್ವ ಆಕೆಗೆ ಕೊಟ್ಟದ್ದು ಮೂರು. ವಯಸ್ಸಾದಷ್ಟೂ ಅಂಕಿ ಏರುತ್ತದೆ, ಏರಲೇಬೇಕು. ಎಪ್ಪತ್ತರ ಮುದುಕಿ, ತಾಯಿ ಅಕ್ಕ ಇಬ್ಬರನ್ನೂ ಕಳಕೊಂಡವಳು, ಆಕೆಗೆ ಸೊನ್ನೆ ಹೇಗೆ ಬಂತು?

ಚಹಾ ಅಲ್ಲೇ ಬಿಟ್ಟು, ಹೊಸ್ತಿಲಲ್ಲಿ ಅತ್ತೆ ಈಬತ್ತಿ ಎಳೆಯುವಷ್ಟು ಹೊತ್ತು ಮಾತ್ರ ನಿಂತು ಕೇಂದ್ರಕ್ಕೆ ಓಡಿದಳು. ಕಣ್ಣವ್ವ ಹೊಸದಾಗಿ ಕಲಿತ ಮೇಲೆ ಯಾರು ಯಾರಿಗೆ ಸೊನ್ನೆ ಕೊಟ್ಟಿದೆ ಎಂದು ಫಿರ್ದೋಸಳಿಂದ ತೆಗೆಸಿ ನೋಡಿದಳು. ಒಬ್ಬೊಬ್ಬರ ಚಿತ್ರವೂ ಪರದೆಯ ಮೇಲೆ ಬಂತು. ಎಲ್ಲರೂ ಈಬತ್ತಿಯವರು. ಈಬತ್ತಿ ಇಲ್ಲದ ಒಬ್ಬಳಿಗೂ ಸೊನ್ನೆಯಿರಲಿಲ್ಲ.

"ಫಿರ್ದೋಸ್, ನಾವು ಇದಕ್ಕ ತೋರಿಸಿದ ಬೂದಿ ಚಿತ್ರದೊಳಗ ಒಬ್ಬರರ ರೋಗಿ ಇದ್ರೇನು?"

ಫಿರ್ದೋಸ್ ಯೋಚಿಸಿದಳು. ಯೋಚಿಸುತ್ತ ಯೋಚಿಸುತ್ತ ಕೈ ಬಾಯಿಗೆ ಹೋಯಿತು. "ಇರಲಿಲ್ರೀ. ಹಳ್ಳಿಯೊಳಗ ರೋಗ ಇದ್ದವರನ್ನ ನಾವು ದವಾಖಾನಿಗೆ ಕಳಿಸಿದ್ವಿ. ಅಲ್ಲಿ ಮೈ ಒರಸಿ ಮತ್ತ ಚಿತ್ರ ತೆಗೆದ್ರು. ಅವರದು ಬೂದಿ ಇಲ್ಲದ ಚಿತ್ರಾನs ನಾವು ತೋರಿಸಿದ್ದು."

ಅಂದರೆ ಕಣ್ಣವ್ವ ತನ್ನ ಜೀವಮಾನದಲ್ಲಿ ಬೂದಿ ಹಚ್ಚಿದ ರೋಗಿಯನ್ನೇ ಕಂಡಿರಲಿಲ್ಲ. ಬೂದಿಯನ್ನು ಬಿಟ್ಟು ನೋಡು ಎಂದು ಇವರು ಹೇಳಿದ್ದರು. ಬೂದಿ ಇದ್ದರೆ ನೋಡುವುದೇ ಬೇಡ ಎಂದು ಅದು ತಿಳಿದುಕೊಂಡಿತ್ತು.

ಇದನ್ನು ಖಾತ್ರಿ ಮಾಡಿಕೊಳ್ಳಬೇಕು. ಯಂತ್ರದ ಕಣ್ಣು ಸರಿಯಿದೆಯೇ ಎಂದು ದಿನಾ ಪರೀಕ್ಷಿಸಲು ಒಂದು ಗೊಂಬೆಗಟ್ಟಿ ಇರುತ್ತದೆ, ಹಲ್ವದ ತುಂಡಿನ ಹಾಗೆ ಮೆತ್ತಗಿನ ಗಟ್ಟಿ. ಅದರೊಳಗೆ ಬೇಕೆಂತಲೇ ಸುಳ್ಳುಗಂಟುಗಳನ್ನು ಹುದುಗಿಸಿಟ್ಟಿರುತ್ತಾರೆ. ಅದನ್ನಿಟ್ಟು ಚಿತ್ರ ತೆಗೆದರು. ಕಣ್ಣವ್ವ ತೊಂಬತ್ತಾರು ಎಂದಿತು, ಗಂಟುಗಳನ್ನೆಲ್ಲ ಕೆಂಪು ಗೆರೆಯಲ್ಲಿ ಸುತ್ತುಹಾಕಿ ತೋರಿಸಿತು. ಗೌರಾ ತನ್ನ ಕೊರಳ ಕುಳಿಗೆ ಬೆರಳಿಟ್ಟಳು. ಬೆಳಿಗ್ಗೆ ಅತ್ತೆ ಹಚ್ಚಿದ ಈಬತ್ತಿ ಇನ್ನೂ ಅಲ್ಲೇ ಇತ್ತು. ಅದನ್ನೇ ಬೆರಳಿಗೆ ತೆಗೆದು ಗೊಂಬೆಗಟ್ಟಿಯ ಮೇಲೆ ಮೂರು ಗೆರೆ ಎಳೆದು ಮತ್ತೆ ಚಿತ್ರ ತೆಗೆದಳು.

ಸೊನ್ನೆ.

ಫಿರ್ದೋಸ್ ಅಳುವುದೊಂದು ಬಾಕಿ. ಗೌರಾಳಿಗೆ ಅಳಲು ಪುರಸತ್ತಿರಲಿಲ್ಲ. ವ್ಯಾನನ್ನು ನಿಲ್ಲಿಸಿರೆಂದು ಮೇಲಿನವರಿಗೆ ಫೋನು ಮಾಡಿ, ಸೊನ್ನೆ ಸಿಕ್ಕ ಅಷ್ಟೂ ಹೆಂಗಸರನ್ನು ಮತ್ತೆ ಕರೆಸಬೇಕು ಎಂದಳು. ಅವರು ಬರುತ್ತಾರೆಯೇ ಎಂದು ಆ ಕಡೆಯಿಂದ ಪ್ರಶ್ನೆ ಬಂತು. ಓಣಿ ಬರಬೇಕಾದರೆ ಮೊದಲು ಬಸಲಿಂಗವ್ವ ಬರಬೇಕು. ಆ ಸೊನ್ನೆಯ ಹಿಂದೆ ಅತ್ತೆಯ ಎದೆಯಲ್ಲಿ ಏನಿದೆಯೋ, ಏನಿಲ್ಲವೋ, ಅದನ್ನೇ ಯೋಚಿಸುತ್ತ ಗೌರಾ ಮನೆಗೆ ಹೊರಟಳು.

ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಗೌರಾ ಎದುರಿಗೆ ಕೂತು ತಾನೂ ಸುಲಿಯುತ್ತ ವಿಷಯ ಹೇಳಿದಳು.

"ಅಂದ್ರ ನನಗ ಸೊನ್ನಿ ಬಂದದ್ದು ನಿನಗ ಸೈರಣಿ ಆಗವಲ್ದು," ಎಂದಳು ಅತ್ತೆ.

"ಅತ್ತಿ, ಚ್ಯಾಷ್ಟಿ ಸಾಕು. ನನಗ ಹೆದರಿಕಿ ಆಗೈತಿ."

ಸೊಸೆಯ ದನಿ ಕೇಳಿ ಬಸಲಿಂಗವ್ವ ತಲೆಯೆತ್ತಿದಳು. ಇಪ್ಪತ್ತು ವರ್ಷದಲ್ಲಿ ಹೆದರಿಕೆ ಎಂಬ ಮಾತನ್ನು ಈ ಹುಡುಗಿ ಆಡಿದ್ದಿಲ್ಲ. ಆದರೂ ಹಟ ಹಟವೇ. "ಹಚ್ಚಿದ್ದನ್ನ ಒರಸೂದಿಲ್ಲ ಅಂದ್ರ ಒರಸೂದಿಲ್ಲ."

"ಒರಸಬ್ಯಾಡ್ರಿ. ಬಂದು ಒಂದು ನೋಡ್ರಿ, ಅಷ್ಟs."

ಕೈಹಿಡಿದು ಕರೆದೊಯ್ದಳು. ಓಣಿಯ ಬಾಯಲ್ಲಿ ನಿಂತಿದ್ದ ವ್ಯಾನಿನೊಳಗೆ ಗೊಂಬೆಗಟ್ಟಿಯನ್ನಿಟ್ಟು, ಒಳಗಿನ ಗಂಟುಗಳನ್ನು ಕೆಂಪು ಗೆರೆಯಲ್ಲಿ ತೋರಿಸಿದಳು. "ಈಗ ನಿಮ್ಮ ಕೈಯಾರ ಈಬತ್ತಿ ಹಚ್ಚರಿ ಇದಕ್ಕ."

ಬಸಲಿಂಗವ್ವ ಹಿಂದೆಮುಂದೆ ನೋಡಿ, "ಇದಕ್ಕೆಲ್ಲಾ ದೀಕ್ಷೆ ಕೊಡಿಸ್ತೀಯೇನ ನೀನು?" ಎಂದು ಗೊಣಗುತ್ತಲೇ ಮೂರು ಬೆರಳು ಎಳೆದಳು. ಕಣ್ಣವ್ವ ನೋಡಿತು. ಸೊನ್ನೆ ಎಂದಿತು. ಕೆಂಪು ಗೆರೆಗಳೆಲ್ಲ ಮಾಯ.

ಮುದುಕಿ ಮುಂದೆ ಬಗ್ಗಿದಳು. ಗೊಂಬೆಗಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದಳು. ಒಳಗೆ ಗಂಟು ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು.

"ಅಂದ್ರ ಈ ಮಷೀನ ನನ್ನ ನೋಡೇ ಇಲ್ಲ," ಎಂದಳು ಕೊನೆಗೆ. "ಈಬತ್ತಿ ನೋಡಿ, ಒಂದು ನಮಸ್ಕಾರ ಹೊಡದು ಕಳಿಸಿಬಿಟ್ಟೈತಿ."

"ಹೌದ್ರೀ ಅತ್ತಿ."

"ನಾನೂ ಹಂಗs ಮಾಡಿದ್ದೆ." ಆಕೆಯ ದನಿ ಇಳಿಯಿತು. "ನಿಮ್ಮ ಮಾವಾಗ ಕಾಮಣಿ ಆಗಿ ಮೈಯೆಲ್ಲ ಹಳದಿ ಆದಾಗ ಒಬ್ಬಾಂವ ಔಷಧಾ ಕೊಡಾಕ ಬಂದಿದ್ದ, ನೀನಿನ್ನೂ ಬಂದಿದ್ದಿಲ್ಲ ಈ ಮನಿಗೆ. ಹಣಿತುಂಬ ಈಬತ್ತಿ, ಕೊರಳತುಂಬ ರುದ್ರಾಕ್ಷಿ. ಓದಿದಾಂವ ಹೌದೋ ಅಲ್ಲೋ ಅಂತ ಕೇಳಲಿಲ್ಲ ನಾ. ಹಣಿ ನೋಡಿದೆ, ಕೈ ಮುಗದೆ, ಗಂಡನ್ನ ಒಪ್ಪಿಸಿಬಿಟ್ಟೆ. ತಿಂಗಳದೊಳಗ ಕಳಕೊಂಡೆ." ಸೆರಗಿನಿಂದ ಕಣ್ಣೊತ್ತಿಕೊಂಡಳು. "ಈಬತ್ತಿದೇನು ತಪ್ಪಿಲ್ಲ ತಂಗಿ. ನೋಡಾಂವ ಸರಿಯಾಗಿ ನೋಡಬೇಕು."

ಗೌರಾ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತು ಆಕೆಗೆ ಗೊತ್ತಿರಲಿಲ್ಲ.

ದಾರಿ ಹುಡುಕಿದವಳೂ ಬಸಲಿಂಗವ್ವನೇ. ಹಚ್ಚಿದ್ದನ್ನು ಒರಸುವುದಿಲ್ಲ, ಸರಿ. ಆದರೆ ಜಳಕಕ್ಕೂ ಪೂಜೆಗೂ ನಡುವೆ ಒಂದಿಷ್ಟು ಹೊತ್ತು ಮೈಮೇಲೆ ಈಬತ್ತಿ ಇರುವುದಿಲ್ಲವಲ್ಲ? ನಿನ್ನೆಯದು ನೀರಿನಲ್ಲಿ ಹೋಗಿರುತ್ತದೆ, ಇವತ್ತಿನದು ಇನ್ನೂ ಹಚ್ಚಿರುವುದಿಲ್ಲ. "ಆ ಹೊತ್ತಿನ್ಯಾಗ ನಿನ್ನ ಗಾಡಿ ನಮ್ಮ ಕಟ್ಟಿಗೆ ಹಚ್ಚು. ಪೂಜಿ ಆಗೂತನಕ ನಾ ಓಣಿಯೊಳಗ ಕಾಲಿಡೂದಿಲ್ಲ. ಕಟ್ಟಿಯಿಂದ ಗಾಡಿಗೆ, ಗಾಡಿಯಿಂದ ಕಟ್ಟಿಗೆ."

ಮರುದಿನ ಮುಂಜಾನೆ ಡ್ರೈವರ್ ಓಣಿಯ ಇಕ್ಕಟ್ಟಿನಲ್ಲಿ ವ್ಯಾನನ್ನು ಹಿಂದೆ ತಂದು, ಬಾಗಿಲು ಕಟ್ಟೆಗೆ ತಾಗುವಂತೆ ನಿಲ್ಲಿಸಿದ. ಬಚ್ಚಲ ಒಲೆಯ ಹೊಗೆ ಇನ್ನೂ ಆಡುತ್ತಿತ್ತು. ಬಸಲಿಂಗವ್ವ ಒದ್ದೆಗೂದಲಲ್ಲಿ ಟವೆಲು ಸುತ್ತಿಕೊಂಡು ಬಂದಳು. ಹಣೆ ಬರಿದಾಗಿತ್ತು. ಸೊಸೆಯೂ ಆ ಹಣೆಯನ್ನು ಬರಿದಾಗಿ ಕಂಡದ್ದು ಅದೇ ಮೊದಲು. ಅತ್ತೆ ಇಷ್ಟು ಮುದುಕಿಯಾಗಿದ್ದಾಳೆಯೇ ಎಂದುಕೊಳ್ಳುತ್ತ ಗೌರಾ ಆಕೆಯ ಕೈಹಿಡಿದು ವ್ಯಾನು ಹತ್ತಿಸಿದಳು.

ಕರಡಿಗೆ ತೆರೆದು ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟುಕೊಂಡು ಅದನ್ನೇ ದಿಟ್ಟಿಸುತ್ತ ನಿಂತಳು ಮುದುಕಿ. ಈ ಸಲ ಕೂಗಲಿಲ್ಲ, ಅಲುಗಲೂ ಇಲ್ಲ. ದಿನಾ ಪೂಜೆಯಲ್ಲಿ ಹಾಗೆ ಕದಲದೆ ಇದ್ದು ರೂಢಿಯಾದ ಮೈ ಅದು. ಅಷ್ಟು ಸ್ವಚ್ಛವಾದ ಚಿತ್ರವನ್ನು ಗೌರಾ ಅಪರೂಪಕ್ಕೆ ಕಂಡಿದ್ದಳು.

ಅರವತ್ತೊಂದು.

ಕೆಂಪು ಗೆರೆ ಎಡ ಎದೆಯ ಒಳಮೂಲೆಯಲ್ಲಿ ಒಂದು ಪುಟ್ಟ ಜಾಗವನ್ನು ಸುತ್ತಿತ್ತು. ಕಣ್ಣವ್ವ ಹೇಳದಿದ್ದರೆ ಗೌರಾ ಅದನ್ನು ದಾಟಿಹೋಗುತ್ತಿದ್ದಳು. ಜೋಳದ ಕಾಳಿನಷ್ಟೂ ಇರಲಿಲ್ಲ.

"ಎಷ್ಟು ಬಂತು?" ಬೆನ್ನ ಹಿಂದಿನಿಂದ ಅತ್ತೆ ಕೇಳಿದಳು. "ಪಾಸಾದ್ನಿಲ್ಲೋ?"

"ಪಾಸಾದ್ರಿ ಅತ್ತಿ," ಎಂದಳು ಗೌರಾ. ಅಳು ನಗು ಎರಡೂ ಒಟ್ಟಿಗೆ ಬಂದಿದ್ದವು. "ಅದಕ್ಕs ಹುಬ್ಬಳ್ಳಿಗೆ ಹೋಗಬೇಕು. ಸಣ್ಣದೈತಿ. ಭಾಳ ಸಣ್ಣದೈತಿ. ಅದು ಬೆಳಿಯೂದಕ್ಕಿಂತ ಮೊದಲು ನಾವು ಬಂದೀವಿ."

ಬಸಲಿಂಗವ್ವ ಒಂದು ಗಳಿಗೆ ಕಣ್ಣುಮುಚ್ಚಿದಳು. ಆಮೇಲೆ ಲಿಂಗವನ್ನು ಕರಡಿಗೆಗೆ ಸೇರಿಸಿ, ಕಟ್ಟೆ ದಾಟಿ ಒಳಗೆ ಹೋಗಿ ಪೂಜೆಗೆ ಕೂತಳು. ಹೊರಬಂದಾಗ ಹಣೆಯ ಮೇಲೆ ಮೂರು ಗೆರೆ ಎಂದಿನಂತೆ ಬೆಳ್ಳಗಿದ್ದವು. ನೇರವಾಗಿ ಎದುರು ಮನೆಯ ಬಾಗಿಲು ಬಡಿದಳು. "ಏ ನಿಂಗವ್ವಾ, ಜಳಕಾ ಆತೇನು? ಪೂಜಿಗೆ ಕುಂದ್ರಬ್ಯಾಡ, ಮೊದಲು ಗಾಡಿ ಹತ್ತು. ನನಗ ಬಂದದ್ದು ಖೊಟ್ಟಿ ಸೊನ್ನಿ ಆಗಿತ್ತು."

ಹುಬ್ಬಳ್ಳಿಯ ಆಪರೇಷನ್ನು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾಳಿನಷ್ಟರ ಜೊತೆ ಸುತ್ತಲಿನ ಒಂದಿಷ್ಟನ್ನು ತೆಗೆದು, ಕೆಲವು ದಿನ ಕಿರಣ ಕೊಟ್ಟು ಕಳಿಸಿದರು. ಮತ್ತೇನೂ ಬೇಕಾಗಿಲ್ಲ ಎಂದರು. ಮೊದಲ ಸಲ ಕೇಂದ್ರಕ್ಕೆ ಬರದಿದ್ದ ಓಣಿಯ ಇನ್ನೂ ಇಬ್ಬರ ಸೊನ್ನೆಯ ಹಿಂದೆ ಹೀಗೇ ಅಡಗಿಕೊಂಡದ್ದು ಸಿಕ್ಕಿತು, ಅವೂ ಸಣ್ಣವೇ. ಇನ್ನು ಕಣ್ಣವ್ವನಿಗೆ ಹೊಸ ಪಾಠವಾಗಬೇಕಲ್ಲ? ಗಂಟಿದ್ದ ಗೊಂಬೆಗಟ್ಟಿ, ಗಂಟಿಲ್ಲದ ಗೊಂಬೆಗಟ್ಟಿ ಎರಡನ್ನೂ ಕೇಂದ್ರದ ಮೇಜಿನ ಮೇಲೆ ರಾಶಿ ಹಾಕಿ, ಬೂದಿ ಹಚ್ಚಿಯೂ ಹಚ್ಚದೆಯೂ ಚಿತ್ರ ತೆಗೆದು, ಬೂದಿಯಿಂದ ಏನೂ ತಿಳಿಯುವುದಿಲ್ಲ, ಒಳಗೆ ನೋಡಬೇಕು ಎಂದು ಅದಕ್ಕೆ ಕಲಿಸಿದರು. ಹಚ್ಚಲು ಓಣಿಯ ಹೆಂಗಸರೇ ಬಂದರು. ಉಸ್ತುವಾರಿ ಬಸಲಿಂಗವ್ವನದು. ಫಿರ್ದೋಸ್ ಒಂದು ಗಟ್ಟಿಗೆ ನಾಲ್ಕು ಗೆರೆ ಎಳೆದಾಗ "ಏ ಹುಡುಗಿ, ಮೂರೇ ಬೆರಳು! ಮಷೀನ ಆದ್ರೇನು, ಸರಿಯಾದದ್ದನ್ನ ಕಲಿಬೇಕಿಲ್ಲೋ?" ಎಂದು ಕೈಮೇಲೆ ಮೆತ್ತಗೆ ಬಡಿದಳು. ಫಿರ್ದೋಸ್ ನಕ್ಕು ಮೂರು ಬೆರಳಿನಿಂದ ಮತ್ತೆ ಎಳೆದಳು. ಇಷ್ಟೆಲ್ಲ ಆದರೂ ಕಣ್ಣವ್ವ ಪೂರಾ ಪಾಸಾಗುವವರೆಗೆ ಜಳಕ-ಪೂಜೆಯ ನಡುವಿನ ಹೊತ್ತಿಗೇ ವ್ಯಾನು ಬರಬೇಕೆಂದು ಓಣಿಯೇ ಗೊತ್ತುಮಾಡಿತು.

ವರ್ಷ ತಿರುಗಿತು, ಕಣ್ಣವ್ವ ಇನ್ನೂ ಪೂರಾ ಪಾಸಾಗಿರಲಿಲ್ಲ. ಒಂದು ಮುಂಜಾನೆ ಗೌರಾ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಬಸಲಿಂಗವ್ವ ರೂಢಿಯಂತೆ ಆಕೆಯನ್ನು ತಡೆದು ಹಣೆಗೆ ಮೂರು ಬೆರಳು ಎಳೆದು, ಕೊರಳ ಕುಳಿಗೂ ಎಳೆದಳು. ಹೊರಗೆ ವ್ಯಾನಿನ ಹಾರ್ನು ಕೇಳಿತು. ಅತ್ತೆಯ ಕೈ ನಿಂತಿತು.

"ಇವತ್ತು ನಿನ್ನ ಪಾಳಿ ಅಲ್ಲಾ?"

"ಹೌದ್ರಿ. ಇರಲಿ ಬಿಡ್ರಿ, ಒಂದು ವಾರ ಬಿಟ್ಟು ಮಾಡಿಸ್ಕೋತೀನಿ." ಹಚ್ಚಿದ್ದನ್ನು ಒರಸಬಾರದು, ಅದು ಈ ಮನೆಯ ಕಟ್ಟಳೆ. ಗೌರಾ ಅದನ್ನು ಮೀರಲು ಸಿದ್ಧಳಿರಲಿಲ್ಲ.

"ವಾರ ಬಿಡ್ತಾಳಂತ ವಾರ!" ಬಸಲಿಂಗವ್ವ ಬಾಗಿಲ ಬಳಿಯ ತಂಬಿಗೆಯಲ್ಲಿ ತನ್ನ ಸೆರಗಿನ ತುದಿ ಅದ್ದಿದಳು. ಸೊಸೆಯ ಗದ್ದ ಹಿಡಿದೆತ್ತಿ, ತಾನೇ ಹಚ್ಚಿದ ಈಬತ್ತಿಯನ್ನು ಕೊರಳಿನಿಂದ ಒರಸಿದಳು. ಒಮ್ಮೆ ಒರಸಿ ಸಾಲದೆಂದು ಮತ್ತೊಮ್ಮೆ ಒರಸಿದಳು. ತುಟಿ ಪಿಟಿಪಿಟಿ ಅನ್ನುತ್ತಿತ್ತು. "ಶಿವನs, ಸಿಟ್ಟಾಗಬ್ಯಾಡಪಾ. ನನಗಿರೂ ಹೆಣ್ಣುಕೂಸು ಇದೊಂದs. ಸರಿಯಾಗಿ ನೋಡ್ಲಿ."

ಗೌರಾ ವ್ಯಾನು ಹತ್ತಿದಳು. ಇಳಿದು ಬಂದಾಗ ಮುದುಕಿ ಕಟ್ಟೆಯ ತುದಿಯಲ್ಲೇ ನಿಂತಿದ್ದಳು, ಮತ್ತೆ ಹಚ್ಚಲೆಂದು ತೇಯ್ದ ಈಬತ್ತಿ ಮೂರು ಬೆರಳಿಗೆ ಹತ್ತಿ ಒಣಗುತ್ತಿತ್ತು.

"ಎಷ್ಟು?"

"ಮೂರು, ಅತ್ತಿ. ಹೋದ ವರ್ಷದಷ್ಟs."

"ಹೂಂ, ಸೊನ್ನಿ ಬಂದಿದ್ರ ನಂಬತಿರಲಿಲ್ಲ ನಾ," ಎಂದಳು ಬಸಲಿಂಗವ್ವ. ಗೌರಾ ಕೊರಳು ಮುಂದೆ ಮಾಡಿ ನಿಂತಳು.